ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ

೨೦೨೩ನೇ ಇಸವಿ. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಮನೆ ಆರೈಕೆ ವಿಭಾಗದ ನರ್ಸಿಂಗ್ ಮೇಲ್ವಿಚಾರಕಿಯಾಗಿದ್ದೆ. ಮೇಲ್ವಿಚಾರಕಿ ಎಂದ ಕೂಡಲೇ ದೊಡ್ಡ ಕುರ್ಚಿ ಎಂದುಕೊಳ್ಳಬೇಡಿ. ನನ್ನ ಕೈಕೆಳಗೆ ಇಬ್ಬರು ನರ್ಸುಗಳು, ಓಡಾಡಲು ನನ್ನದೇ ಒಂದು ಸ್ಕೂಟರು, ಅದರ ಮುಂದೆ ಸಿಕ್ಕಿಸಿದ ಒಂದು ಚೀಲ, ಅಷ್ಟೇ. ಹಾಸಿಗೆ ಹಿಡಿದವರು, ಲಕ್ವ ಹೊಡೆದವರು, ಮರೆವಿನ ಕಾಯಿಲೆಯವರು, ಇಂಥವರ ಮನೆಗೇ ಹೋಗಿ ನೋಡುವುದು ನಮ್ಮ ಕೆಲಸ. ಹಾಸನದ ಜೊತೆಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು.

ನಾನು ಬಿ.ಎಸ್‌ಸಿ. ನರ್ಸಿಂಗ್ ಪದವೀಧರೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮೂರಿನಲ್ಲಿ ಅಪ್ಪ ಕಂಡವರ ತೋಟದ ತೆಂಗಿನಕಾಯಿ ಸುಲಿಯುತ್ತಿದ್ದರು, ಅವ್ವ ನಾರು ಬಡಿದು ಹಗ್ಗ ಹೊಸೆಯುತ್ತಿದ್ದಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಸೇರಲು ಹೊರಟ ದಿನ, ಟ್ರಂಕು ಹೊತ್ತು ಹೊಸ್ತಿಲು ದಾಟುವಾಗ ಪಕ್ಕದ ಮನೆಯ ಮುದುಕಿ ಒಂದೇ ಒಂದು ಸಲ ಸೀನಿದಳು. ಹೊರಡುವವರಿಗೆ ಒಂಟಿ ಸೀನು ಆಗುವುದಿಲ್ಲ. ಅಪ್ಪ ನನ್ನನ್ನು ಒಳಕ್ಕೆ ಕರೆದು, ಕೂರಿಸಿ, ನೀರು ಕುಡಿಸಿ, ಸ್ವಲ್ಪ ಹೊತ್ತು ತಡೆದು ಆಮೇಲೆ ಕಳಿಸಿದರು. ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಕಾಯುವಷ್ಟು ಹೊತ್ತೂ ನಾನು ಅಪ್ಪನ ಜೊತೆ ಮಾತಾಡಲಿಲ್ಲ. ಓದಿ ನನ್ನ ಕಾಲ ಮೇಲೆ ನಿಂತ ಮೇಲೆ ಇಂಥದ್ದನ್ನೆಲ್ಲ ಹತ್ತಿರ ಸೇರಿಸಬಾರದು ಎಂದು ಬಸ್ ಸ್ಟಾಪಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಜವರೇಗೌಡರ ಕೇಸು ನನ್ನ ಕೈಗೆ ಬಂದದ್ದು ಆ ವರ್ಷದ ದಸರಾ ಕಳೆದ ಮೇಲೆ. ಹೊಳೆನರಸೀಪುರದವರು, ಎಪ್ಪತ್ತು ದಾಟಿದವರು. ಹಾಸನದಿಂದ ಹೊಳೆನರಸೀಪುರ, ಅರಕಲಗೂಡಿನ ಮೇಲೆ ಕೊಣನೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಆಯುಷ್ಯವೆಲ್ಲ ಕಂಡಕ್ಟರ್ ಆಗಿದ್ದವರು. ಆ ಲೈನಿನಲ್ಲಿ ‘ರೈಟ್ ಜವರಣ್ಣ’ ಎಂದರೆ ಹಳಬರಿಗೆಲ್ಲ ಗೊತ್ತು. ಈಗ ಡಿಮೆನ್ಷಿಯಾ, ಜೊತೆಗೆ ಸಕ್ಕರೆ ಕಾಯಿಲೆ. ಹೆಂಡತಿ ತೀರಿಕೊಂಡದ್ದು ನೆನಪಿಲ್ಲ, ಮಗನನ್ನು ಒಮ್ಮೊಮ್ಮೆ ಡ್ರೈವರ್ ಎಂದು ಕರೆಯುತ್ತಾರೆ. ಡ್ಯೂಟಿ ಮಾತ್ರ ಮರೆತಿಲ್ಲ. ನಿದ್ದೆಯಿಂದ ಎದ್ದರೆ ಸಾಕು, ಟ್ರಿಪ್ಪಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ಈ ಕಾಯಿಲೆಯವರು ಹೀಗೆ ಗುರಿಯಿಲ್ಲದೆ ಹೊರಟುಹೋಗುವುದಕ್ಕೆ ನಮ್ಮ ಪುಸ್ತಕದಲ್ಲಿ ವಾಂಡರಿಂಗ್ ಎನ್ನುತ್ತಾರೆ. ಗುರಿಯಿಲ್ಲ ಎನ್ನುವುದು ಪುಸ್ತಕದವರ ಮಾತು. ಅವರವರ ಲೆಕ್ಕದಲ್ಲಿ ಅವರೆಲ್ಲ ಎಲ್ಲಿಗೋ ಹೋಗಲೇಬೇಕಾದವರು.

ಮೊದಲ ದಿನ ಆ ಮನೆಗೆ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ಚಿಲಕ. ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಹೊಸದಾಗಿ ಜಡಿದ ಚಿಲಕ. ಒಳಗೆ ಕೂತಿದ್ದ ಜವರೇಗೌಡರ ಎರಡೂ ಅಂಗೈಗಳು ಬಾಗಿಲು ಬಡಿದು ಬಡಿದು ಊದಿಕೊಂಡಿದ್ದವು.

ಚಿಲಕ ಹಾಕಿದವನು ಮಗ ಲೋಕೇಶ. ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುವ ಅಂಗಡಿ ಇಟ್ಟುಕೊಂಡಿದ್ದಾನೆ. ಕೆಟ್ಟವನಲ್ಲ. ನಾನು ಚಿಲಕ ನೋಡಿದ್ದನ್ನು ನೋಡಿ ಅವನೇ ಬಾಯಿ ತೆಗೆದ.

“ಬೈಬೇಡಿ ಸಿಸ್ಟರ್. ಹೋದ್ ತಿಂಗ್ಳು ಹೇಮಾವತಿ ಸೇತುವೆ ಮೇಲೆ ಸಿಕ್ಕಿದ್ರು. ಎದುರ್ಗೆ ಬರೋ ಲಾರಿಗೆಲ್ಲ ಕೈ ಅಡ್ಡ ಹಿಡ್ದು ‘ಹೋಲ್ಡಾನ್, ಹೋಲ್ಡಾನ್’ ಅಂತ ನಿಂತವ್ರೆ. ಆವತ್ತು ಬಂದೋನು ಬ್ರೇಕ್ ಹಾಕ್ದ. ಎಲ್ರೂ ಹಾಕ್ತಾರಾ?”

“ಚಿಲಕ ತೆಗಿ ಲೋಕೇಶ. ಅದರ ಬದಲು ಬೇರೆ ಒಂದು ಕೊಡ್ತೀನಿ,” ಎಂದೆ.

“ಅದು ಕೆಲ್ಸ ಮಾಡ್ದೆ ಇದ್ರೆ?”

“ಮಾಡುತ್ತೆ.”

“ಒಂದೇ ಒಂದ್ ಸಲ ತಪ್ಪಿಸ್ಕೊಂಡ್ ಹೋದ್ರೂ ನಾನು ಚಿಲಕ ವಾಪಸ್ ಹಾಕ್ತೀನಿ. ಆಗ ನೀವು ಬಾಯಿ ತೆಗೀಬಾರ್ದು. ಒಪ್ಪಿದ್ರೆ ಈಗ್ಲೇ ಬಿಚ್ತೀನಿ.”

ಒಪ್ಪಿದೆ. ಅವನು ಸ್ಕ್ರೂಡ್ರೈವರ್ ತಂದು ಅಲ್ಲೇ ಚಿಲಕ ಬಿಚ್ಚಿ, ಎಲ್ಲೋ ಎಸೆಯದೆ, ಟೀವಿ ಸ್ಟ್ಯಾಂಡಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟ.

ನಾನು ಕೊಟ್ಟದ್ದು ಮೋಷನ್ ಸೆನ್ಸರ್ ಅಲಾರಂ. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು. ಮಂಚದ ಪಕ್ಕದ ಗೋಡೆಗೆ ಮೊಣಕಾಲೆತ್ತರದಲ್ಲಿ ಅಂಟಿಸಿ, ಅದರ ಕಣ್ಣು ನೆಲದ ಕಡೆಗೆ ಬೀಳುವ ಹಾಗೆ ಬಾಗಿಸಬೇಕು. ಮಲಗಿದವರು ಮಗ್ಗುಲು ಬದಲಿಸಿದರೆ ಅದಕ್ಕೆ ತಿಳಿಯಬಾರದು, ಕಾಲು ಕೆಳಗಿಟ್ಟರೆ ಮಾತ್ರ ತಿಳಿಯಬೇಕು. ಬೆಲ್ ಹೊಡೆಯುವ ಪೆಟ್ಟಿಗೆ ಬೇರೆಯೇ ಇರುತ್ತದೆ, ಅದನ್ನು ಇನ್ನೊಂದು ಕೋಣೆಯಲ್ಲಿಡುತ್ತೇವೆ. ರೋಗಿಯ ಕಿವಿಯ ಹತ್ತಿರವೇ ಹೊಡೆದರೆ ಗಾಬರಿಯಾಗಿ ಬೀಳುತ್ತಾರೆ. ಮಂಚದ ಒಂದು ಪಕ್ಕ ಗೋಡೆಗೆ ತಾಗಿಸಿದೆವು, ಇಳಿಯಲು ಒಂದೇ ದಾರಿ ಉಳಿಯಲಿ ಎಂದು.

ಲೋಕೇಶನ ಹೆಂಡತಿ ಮಮತಾ ಮನೆಯ ಮುಂಭಾಗದ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಬೆಲ್ಲಿನ ಪೆಟ್ಟಿಗೆಯನ್ನು ಅವಳ ಹೊಲಿಗೆ ಯಂತ್ರದ ಮಗ್ಗುಲಿಗೆ ಇಟ್ಟೆವು. ಮೊದಲ ವಾರ ಬೆಕ್ಕು ಓಡಾಡಿದರೂ ಹೊಡೆಯಿತು, ಫ್ಯಾನಿನ ಗಾಳಿಗೆ ಪಂಚೆ ಅಲುಗಿದರೂ ಹೊಡೆಯಿತು. ಈ ಯಂತ್ರ ಕೊಟ್ಟ ಅರ್ಧಕ್ಕರ್ಧ ಮನೆಗಳಲ್ಲಿ ಜನ ಸಾಕಾಗಿ ಸ್ವಿಚ್ ಆರಿಸಿಬಿಡುವುದು ಇದೇ ವಾರದಲ್ಲಿ. ಮಮತಾ ಆರಿಸಲಿಲ್ಲ. “ಬೆಕ್ಕಿಗೂ ಡ್ಯೂಟಿ ಟೈಮ್ ಆಗಿರ್ಬೇಕು ಸಿಸ್ಟರ್,” ಎಂದು ಫೋನು ಮಾಡಿ ನಗುತ್ತಿದ್ದಳು. ಲೋಕೇಶ ಸೆನ್ಸರಿನ ಕೋನ ಸರಿಮಾಡಿದ. ಬೆಲ್ ಹೊಡೆದರೆ ಮಮತಾ ಹೋಗಿ, “ಮಾವ, ಗಾಡಿ ಲೇಟಂತೆ, ಕಾಫಿ ಕುಡೀರಿ,” ಎನ್ನುವಳು. ಇದನ್ನು ನಾನೇ ಅವಳಿಗೆ ಕಲಿಸಿದ್ದೆ. ಈ ಕಾಯಿಲೆಯವರಿಗೆ ‘ಬೇಡ’ ಎನ್ನಬಾರದು, ವಾದ ಮಾಡಬಾರದು, ಬೇರೆಡೆಗೆ ಗಮನ ತಿರುಗಿಸಬೇಕು. ಅವರ ಹಳೆಯ ಖಾಕಿ ಅಂಗಿಯನ್ನೂ ಮೊಳೆಗೆ ನೇತುಹಾಕಿಸಿದ್ದೆ. ಅದು ಕಣ್ಣಿಗೆ ಕಂಡರೆ ಮನಸ್ಸು ಸಮಾಧಾನವಾಗಿರುತ್ತಿತ್ತು. ಅಂಗೈ ಊತ ಇಳಿಯಿತು. ಟೀವಿ ಸ್ಟ್ಯಾಂಡಿನ ಮೇಲಿನ ಚಿಲಕದ ಮೇಲೆ ದೂಳು ಕೂತಿತು.

ಅವರೆಕಾಯಿ ಕಾಲದಲ್ಲಿ ಕೊಣನೂರಿನಿಂದ ಜವರೇಗೌಡರ ಅಕ್ಕ ನಿಂಗಮ್ಮ ತಮ್ಮನನ್ನು ನೋಡಿಕೊಂಡು ಹೋಗಲು ಬಂದರು. ತಮ್ಮನಿಗಿಂತ ಹಿರಿಯರು, ಗಟ್ಟಿ ಜೀವ, ಸೊಂಟದಲ್ಲಿ ಸದಾ ನಶ್ಯದ ಡಬ್ಬಿ. ಮೊದಲ ಸಲ ನೋಡಿದಾಗಲೇ ನನ್ನ ಊರು, ಜನ, ಅಪ್ಪನ ಹೆಸರು ಎಲ್ಲ ಕೇಳಿ ಮುಗಿಸಿ, “ಕಾಯ್ ಸುಲ್ಯೋನ್ ಮಗ್ಳು ಇಸ್ಟ್ ಓದಿದ್ದೀಯಲ್ಲ, ನಿಮ್ಮಪ್ಪ ಪುಣ್ಯವಂತ ಕಣವ್ವ,” ಎಂದರು. ನನಗೆ ಅವರು ಅಲ್ಲೇ ಹಿಡಿಸಿಬಿಟ್ಟರು.

ಅವರು ಬಂದು ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ನನ್ನ ಭೇಟಿ ಇತ್ತು. ಹಾಸನದಿಂದ ಸ್ಕೂಟರಿನಲ್ಲಿ ಬಂದು ಇಳಿದಾಗ ನಿಂಗಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮುಖದ ತುಂಬ ನಗು.

“ಬಾ ಕಣವ್ವ. ಜವರ ಡ್ಯೂಟಿಗೋದ.”

“ಯಾವ ಡ್ಯೂಟಿ ನಿಂಗಮ್ಮ?”

“ಬಸ್ಸಿಂದು. ಬೆಲ್ಲು ಒಡ್ಕತು. ಓಗ್ ನೋಡಿದ್ರೆ ಎದ್ದು ಖಾಕಿ ಅಂಗಿ ಆಕ್ಕಂಡು ತಲೆ ಬಾಚ್ತಾ ನಿಂತವ್ನೆ. ನನ್ನ ನೋಡಿ, ‘ಅಕ್ಕ, ಬತ್ತೀನಿ’ ಅಂದ. ಬಂದಾಗ್ಲಿಂದ ಯಾರಮ್ಮ ಯಾರಮ್ಮ ಅಂತಿದ್ದೋನು ಇವತ್ತು ಅಕ್ಕ ಅಂದ ಕಣವ್ವ. ತಲೆ ನೆಟ್ಟಗಾಯ್ತು ಅಂದ್ಕಂಡೆ.”

“ಮಮತಾ ಎಲ್ಲಿ?”

“ಲೈನಿಂಗ್ ಬಟ್ಟೆ ತರಾಕೆ ಆಸನಕ್ಕೋದ್ಲು. ಎದ್ ಮೇಲೆ ಉಣ್ಣಾಕಿಕ್ಕು ಅಂದಿದ್ಲು. ಬಂದ್ ಉಣ್ತೀನಿ ಅಂದ.”

“ಎಲ್ಲಿಗೆ ಅಂತ ನೀವು ಕೇಳಲಿಲ್ವ?”

ನಾನು ಆಡಬಾರದ ಮಾತಾಡಿದೆನೇನೋ ಎಂಬಂತೆ ನಿಂಗಮ್ಮ ನನ್ನ ಮುಖ ನೋಡಿದರು. “ಒಂಟೋನ್ನ ಎಲ್ಲಿಗೆ ಅಂತ ಕೇಳಾಕಾದದಾ?”

ಅವರು ಹೇಳಿದ್ದು ನನಗೆ ತಿಳಿಯದ್ದೇನಲ್ಲ. ನಮ್ಮ ಕಡೆ ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಅಡ್ಡ ಹೋಗಿ ನಿಲ್ಲುವುದಂತೂ ಇಲ್ಲವೇ ಇಲ್ಲ. ಯಂತ್ರ ಹೊಡೆಯಬೇಕಾದಾಗ ಸರಿಯಾಗಿ ಹೊಡೆದಿತ್ತು. ಕೇಳಿಸಿಕೊಂಡವರು ಓಡಿಹೋಗಿ ನೋಡಿಯೂ ಇದ್ದರು. ನೋಡಿ, ಮರ್ಯಾದೆಯಿಂದ ಕಳಿಸಿಕೊಟ್ಟಿದ್ದರು.

ಒಳಗೆ ಹೋಗಿ ನೋಡಿದೆ. ತಟ್ಟೆಯಲ್ಲಿ ಮುದ್ದೆ ಮುಚ್ಚಿಟ್ಟದ್ದು ಮುಚ್ಚಿಟ್ಟ ಹಾಗೆಯೇ ಇತ್ತು. ಮಮತಾಳಿಗೆ ಫೋನು ಮಾಡಿದೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟಕ್ಕೆ ಮುಂಚಿನದೆಂದು ಕೊಟ್ಟಿದ್ದಳು, ನುಂಗಿದವರು ಉಣ್ಣದೆ ಹಾಗೆಯೇ ಮಲಗಿಬಿಟ್ಟಿದ್ದರು. ಬೆಳಿಗ್ಗೆಯೂ ಒಂದು ಇಡ್ಲಿ ತಿಂದಿದ್ದರಷ್ಟೇ. ಆ ಮಾತ್ರೆ ಹೊಟ್ಟೆಗೆ ಬಿದ್ದು ಊಟ ಬೀಳದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಮೊದಲು ಬೆವರು, ನಡುಕ, ಆಮೇಲೆ ತೊದಲು ಮಾತು, ಸಿಟ್ಟು. ಇನ್ನೂ ಇಳಿದರೆ ಎಚ್ಚರ ತಪ್ಪುತ್ತದೆ. ದಾರಿಯಲ್ಲಿ ಬಿದ್ದರೆ ನೋಡಿದವರು ಕುಡುಕ ಎಂದು ಪಕ್ಕಕ್ಕೆ ಹೋಗುತ್ತಾರೆ.

ಲೋಕೇಶನಿಗೆ ಫೋನು ಮಾಡಿ ಬೀದಿಗಿಳಿದೆ. ಎದುರು ಮನೆಯ ಹೆಂಗಸು, “ನೋಡ್ದೆ ಸಿಸ್ಟರ್, ಟ್ರಿಮ್ಮಾಗಿ ಹೋಯ್ತಿದ್ರು,” ಎಂದಳು. ಟೀ ಅಂಗಡಿಯವನು, “ನಮಸ್ಕಾರ ಜವರಣ್ಣ ಅಂದೆ, ಕೈಯೆತ್ತಿದ್ರು,” ಎಂದ. ಇಸ್ತ್ರಿ ಅಂಗಡಿಯವನು ದಾರಿ ಬಿಟ್ಟು ಪಕ್ಕಕ್ಕೆ ನಿಂತಿದ್ದನಂತೆ. ಇಡೀ ಬೀದಿಯೇ ನೋಡಿತ್ತು. ಎಲ್ಲರಿಗೂ ಅವರ ಕಾಯಿಲೆ ಗೊತ್ತಿತ್ತು. ಎಲ್ಲಿಗೆ ಎಂದು ಒಬ್ಬರೂ ಕೇಳಿರಲಿಲ್ಲ.

“ಹೊಂಟಿದ್ರಲ್ಲ ಸಿಸ್ಟರ್,” ಎಂದ ಟೀ ಅಂಗಡಿಯವನು. ಅದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ ಎಂಬಂತಿತ್ತು ಅವನ ದನಿ.

ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಲೋಕೇಶನೂ ಬಂದ. ಅಲ್ಲಿ ಖಾಸಗಿ ಬಸ್ಸುಗಳಿಗೆ ಜನ ಕೂಗುವ ಏಜೆಂಟ್ ಒಬ್ಬರಿದ್ದರು.

“ಬಂದಿದ್ರು ಕಣಪ್ಪ. ಚನ್ನರಾಯಪಟ್ಟಣದ ಗಾಡಿ, ಕೊಣನೂರಿನ ಗಾಡಿ, ಎರಡೂ ಹಿಂದೆಮುಂದೆ ನಿಂತಿದ್ವು. ಎರಡ್ಕೂ ರೈಟ್ ಹೇಳಿದ್ರು. ಹಳೇ ಕಾಲದ್ ಗತ್ತು, ನಾವೆಲ್ಲ ನಗ್ತಾ ಇದ್ವಿ. ಆಮೇಲೆ ನೋಡಿದ್ರೆ ಗಾಡೀನೂ ಇಲ್ಲ, ಅವರೂ ಇಲ್ಲ. ಯಾವುದ್ಕೆ ಹತ್ತಿದ್ರೋ.”

ಎರಡೂ ಬಸ್ಸಿನ ಕಂಡಕ್ಟರ್‌ಗಳಿಗೆ ಅವರು ಫೋನು ಹಚ್ಚಿದರು. ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಟಿಕೆಟ್ ಹರಿಯುವ ಗದ್ದಲದಲ್ಲಿ ಯಾರು ಎತ್ತುತ್ತಾರೆ. ಲೋಕೇಶ ಬೈಕು ತಿರುಗಿಸಿದ. “ನಾನು ಪಟ್ಟಣದ್ ಕಡೆ ಹೋಯ್ತೀನಿ, ನೀವು ಅರಕಲಗೂಡಿನ ಕಡೆ ನೋಡಿ,” ಎಂದವನು ಹೊರಡುವ ಮುಂಚೆ ಒಂದು ಮಾತು ಸೇರಿಸಿದ. “ಚಿಲಕದ್ ಮಾತು ನೆನಪಿರ್ಲಿ ಸಿಸ್ಟರ್.”

ನಿಂಗಮ್ಮ ಹಿಂದೆಯೇ ಓಡಿಬಂದಿದ್ದರು. ಬೇಡವೆಂದರೂ ಕೇಳದೆ ಸ್ಕೂಟರಿನ ಹಿಂದೆ ಹತ್ತಿ ಕೂತು ನನ್ನ ಸೊಂಟ ಹಿಡಿದುಕೊಂಡರು. ಜೀವಮಾನದಲ್ಲಿ ಸ್ಕೂಟರು ಹತ್ತಿದ್ದು ಅದೇ ಮೊದಲಂತೆ. ಊರು ದಾಟುವವರೆಗೆ “ಮೆಲ್ಲಗೆ ಓಡ್ಸವ್ವ” ಎಂದರು, ದಾಟಿದ ಮೇಲೆ “ಜೋರಾಗ್ ಓಡ್ಸವ್ವ” ಎಂದರು. ಬಸ್ಸು ನಿಲ್ಲುವ ಕೈಮರಗಳ ಹತ್ತಿರ ವೇಗ ಇಳಿಸಿ ಎರಡೂ ಕಡೆ ನೋಡುತ್ತಿದ್ದೆ. ಬೇಲಿಯ ಮಗ್ಗುಲಲ್ಲಿ ಮಡಚಿಟ್ಟ ಗೋಣಿಚೀಲ ಕಂಡರೂ ಸ್ಕೂಟರು ನಿಲ್ಲಿಸಿ ನೋಡುತ್ತಿದ್ದೆ. ಒಂದು ಕಡೆ ನಿಂಗಮ್ಮ ನನ್ನ ಬೆನ್ನಿಗೆ ಬಾಯಿ ಹಚ್ಚಿ ಹೇಳಿದರು.

“ನಾನೇ ಬಾಗ್ಲು ತೆಗ್ದು ಕಳ್ಸಿಬುಟ್ಟೆ ಕಣವ್ವ. ಅಕ್ಕ ಅಂದ್ಬುಟ್ನಲ್ಲ ಅಂತ.”

ಆಕ್ಸಿಲರೇಟರ್ ತಿರುಗಿಸಿದೆ.

ಅರಕಲಗೂಡು ಬಸ್ ಸ್ಟ್ಯಾಂಡಿನೊಳಕ್ಕೆ ತಿರುಗುವಾಗಲೇ ಗುಂಪು ಕಂಡಿತು. ಕೊಣನೂರಿನ ಬಸ್ಸು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಹಿಂಬಾಗಿಲಿನ ಫುಟ್‌ಬೋರ್ಡಿನ ಮೇಲೆ ಜವರೇಗೌಡರು, ಕಂಬಿ ಹಿಡಿದು, ಅರ್ಧ ದೇಹ ಹೊರಕ್ಕೆ ಚಾಚಿ. ಖಾಕಿ ಅಂಗಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು. ಕಂಬಿ ಹಿಡಿದ ಕೈ ನಡುಗುತ್ತಿತ್ತು.

ಬಸ್ಸಿನ ಕಂಡಕ್ಟರ್ ಇನ್ನೂ ಚಿಕ್ಕ ವಯಸ್ಸಿನವನು. ಕೆಳಗೆ ನಿಂತು ಕೆನ್ನೆ ಸವರಿಕೊಳ್ಳುತ್ತಿದ್ದ. “ದಾರೀಲೆಲ್ಲ ಜನಗಳ್ನ ಟಿಕೆಟ್ ಕೇಳ್ತಾ ತಮಾಷೆಯಾಗಿದ್ರು ಸಿಸ್ಟರ್. ಇಲ್ಲಿಗ್ ಬಂದ್ಮೇಲೆ ಮಾತು ತೊದಲ್ತಾ ಅದೆ. ಕುಡ್ದವ್ರೆ ಅಂತ ಇಳ್ಸಕ್ ಹೋದ್ರೆ ಬಿಟ್ರು ನೋಡಿ ಒಂದು.”

ಡ್ರೈವರ್ ಮುಂದಿನಿಂದ ಹಾರ್ನ್ ಒತ್ತಿದ. “ಏನ್ ಮಾಡ್ತೀರೋ ಬೇಗ ಮಾಡ್ರಪ್ಪ, ಹಿಂದಿನ್ ಗಾಡಿಯೋನು ಬತ್ತಾವ್ನೆ. ಎಳೆದು ಹಾಕ್ರಿ ಅತ್ಲಾಗೆ.”

ಇಬ್ಬರು ಮೂವರು ಮುಂದಾದರು. ನಾನು ಕೈ ಅಡ್ಡ ಹಿಡಿದು ತಡೆದೆ. ಆ ವಯಸ್ಸಿನ ಮೂಳೆ, ಆ ಎತ್ತರ, ಕೆಳಗೆ ಸಿಮೆಂಟು. ಎಳೆದರೆ ತಲೆ ಕೆಳಗಾಗಿ ಬೀಳುತ್ತಾರೆ. ಎಳೆಯದೆ ಬಸ್ಸು ಹೊರಟರೆ ಮುಂದಿನ ತಿರುವಿನಲ್ಲಿ ಬೀಳುತ್ತಾರೆ. ಹಾಗೆಯೇ ಬಿಟ್ಟರೆ ನಿಂತ ಜಾಗದಲ್ಲೇ ಎಚ್ಚರ ತಪ್ಪುತ್ತದೆ. ಚೀಲದಿಂದ ಗ್ಲೂಕೋಸ್ ಪುಡಿ ತೆಗೆದು ಬಾಟಲಿ ನೀರಿಗೆ ಸುರಿದು ಕುಲುಕಿ, ಹತ್ತಿರ ಹೋದೆ.

“ಜವರಣ್ಣ, ಗಾಡಿ ಲೇಟಂತೆ. ಇದನ್ನ ಕುಡೀರಿ.”

“ಲೇಟಾ. ಎಂಜಿನ್ ಚಾಲೂ ಅದೆ, ಲೇಟಾ. ಅತ್ತಮ್ಮ ಒಳೀಕೆ.” ಬಾಟಲಿ ತಳ್ಳಿದರು. ಅರ್ಧ ನೀರು ನನ್ನ ಮೈಮೇಲೆ ಚೆಲ್ಲಿತು. ಮಮತಾಳಿಗೆ ನಾನು ಕಲಿಸಿದ ಮಾತು ಮನೆಯೊಳಗೆ ನಡೆಯುತ್ತಿತ್ತು, ಚಾಲೂ ಆದ ಬಸ್ಸಿನ ಮುಂದೆ ನಡೆಯಲಿಲ್ಲ.

ನಿಂಗಮ್ಮ ಗುಂಪು ಸೀಳಿಕೊಂಡು ಬಂದರು. “ಇಳೀಲಾ ಜವರ. ನಾನ್ ಕಣ್ಲಾ, ನಿಮ್ಮಕ್ಕ.”

ಅವರು ಅಕ್ಕನ ಮುಖವನ್ನು ನೋಡಿದರು. “ಯಾರಮ್ಮ ನೀನು? ಚಿಲ್ರೆ ಇದ್ರೆ ಅತ್ತು, ಇಲ್ದಿದ್ರೆ ದಾರಿ ಬುಡು.”

ನಿಂಗಮ್ಮ ಅಲ್ಲೇ ನಿಂತುಬಿಟ್ಟರು. ಅವರ ಕೈ ತಾನಾಗಿ ಸೊಂಟಕ್ಕೆ ಹೋಗಿ ನಶ್ಯದ ಡಬ್ಬಿ ಹಿಡಿದುಕೊಂಡಿತು. ದುಃಖಕ್ಕೋ ಅಭ್ಯಾಸಕ್ಕೋ ಗೊತ್ತಿಲ್ಲ. ಡ್ರೈವರ್ ಗೇರ್ ಹಾಕಿದ ಸದ್ದು ಕೇಳಿಸಿತು. ಜವರೇಗೌಡರು ತಲೆಯೆತ್ತಿ ಬಾಯಿ ತೆರೆದರು, ‘ರೈಟ್’ ಹೇಳಲು.

ಆ ಡಬ್ಬಿ ನೋಡಿದಾಗ ನನಗೆ ಹೊಳೆಯಿತು. ಅಪ್ಪ, ಟ್ರಂಕು, ಹೊಸ್ತಿಲು, ತಪ್ಪಿದ ಬಸ್ಸು. ನಶ್ಯ ಏರಿಸಿದರೆ ಸೀನು ಸಾಲಾಗಿ ಬರುತ್ತದೆ, ಎರಡು ಸೀನು ಬಂದರೆ ಶುಭ, ಹೊರಟೇ ಹೋಗುತ್ತಾರೆ. ನನಗೆ ಬೇಕಾಗಿದ್ದದ್ದು ಒಂದೇ. ಮುಖಕ್ಕೆ ಸೆರಗು ಹಿಡಿದು, ಗಂಟಲು ಹರಿಯುವ ಹಾಗೆ, ನನ್ನ ಶಕ್ತಿಯೆಲ್ಲ ಹಾಕಿ ಒಂದು ಸಲ ಸೀನಿದೆ. ಸೀನು ಬಂದಿರಲಿಲ್ಲ. ಶುದ್ಧ ನಾಟಕ.

ಬಸ್ ಸ್ಟ್ಯಾಂಡಿನ ಗದ್ದಲದಲ್ಲೂ ಅದು ಕೇಳಿಸಿತು. ಜವರೇಗೌಡರ ಬಾಯಿ ಹಾಗೆಯೇ ಮುಚ್ಚಿತು. ಇನ್ನೊಂದು ಬರುತ್ತದೇನೋ ಎಂದು ಕಾದರು. ನಾನು ಉಸಿರು ಬಿಗಿಹಿಡಿದು ನಿಂತೆ. ಬರಲಿಲ್ಲ.

“ಹೋಲ್ಡಾನ್,” ಎಂದು ಬಸ್ಸಿನ ಮೈಗೆ ಎರಡು ಸಲ ಬಡಿದರು. “ಡ್ರೈವರ್, ಎಂಜಿನ್ ಆಪ್ ಮಾಡು. ಯಾರೋ ಒಂಟಿ ಸೀನು ಸೀನ್ಬುಟ್ರು. ಇಂಗೇ ಒಂಡಾದು ಬ್ಯಾಡ, ತುಂಬಿದ್ ಗಾಡಿ.”

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಅವನೂ ಈ ಕಡೆಯವನೇ. ಎಂಜಿನ್ ಆರಿಸಿದ.

ಜವರೇಗೌಡರು ಯಾರೂ ಮುಟ್ಟದೆ ತಾವಾಗಿಯೇ ಒಂದೊಂದು ಮೆಟ್ಟಿಲು ಇಳಿದರು. ಕೊನೆಯ ಮೆಟ್ಟಿಲಿನಲ್ಲಿ ಮೊಣಕಾಲು ಕುಸಿಯಿತು. ಆ ಚಿಕ್ಕ ಕಂಡಕ್ಟರ್ ಮತ್ತು ನಾನು ಎರಡು ಕಡೆ ಹಿಡಿದು ಬೆಂಚಿನ ಮೇಲೆ ಕೂರಿಸಿದೆವು. “ನೀರ್ ಕೊಡಮ್ಮ,” ಎಂದು ಕೈ ಚಾಚಿದರು. ಒಂಟಿ ಸೀನು ಬಂದಾಗ ಕೂತು ನೀರು ಕುಡಿದು ಹೊರಡಬೇಕಲ್ಲ. ಬಾಟಲಿಯಲ್ಲಿ ಉಳಿದ ಗ್ಲೂಕೋಸ್ ನೀರನ್ನು ಗಟಗಟ ಕುಡಿದರು. ಬೆರಳು ಚುಚ್ಚಿ ಗ್ಲೂಕೋಮೀಟರ್ ಹಿಡಿದೆ. ನಲವತ್ತೇಳು. ಎಪ್ಪತ್ತಕ್ಕಿಂತ ಕೆಳಗಿಳಿದರೇ ನಾವು ಓಡಾಡುವವರು. ಮತ್ತೊಂದು ಬಾಟಲಿ ಕಲಸಿ ಕುಡಿಸಿದೆ, ಕಂಡಕ್ಟರ್ ಓಡಿಹೋಗಿ ಬನ್ನು ತಂದ. ನಡುಕ ನಿಂತಿತು, ಬೆವರು ಆರಿತು. ಕಣ್ಣಿಗೆ ಬೆಳಕು ಬಂದ ಹಾಗಾಯಿತು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿದ್ದ ನಿಂಗಮ್ಮನ ಕಡೆ ತಿರುಗಿದರು.

“ಅಕ್ಕ, ನೀನ್ಯಾವಾಗ್ ಬಂದೆ? ಉಂಡಾ?”

ನಿಂಗಮ್ಮ ತಮ್ಮನ ಕೈಯಲ್ಲಿದ್ದ ಬನ್ನಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

ಆ ಮಾತ್ರೆಯ ಪ್ರಭಾವ ಬೇಗ ಇಳಿಯುವುದಿಲ್ಲ, ಸಕ್ಕರೆ ಮತ್ತೆ ಕುಸಿಯಬಹುದು. ಅಲ್ಲಿನ ಆಸ್ಪತ್ರೆಯಲ್ಲಿ ಮಾರನೆಯ ಬೆಳಗಿನವರೆಗೆ ಇಟ್ಟುಕೊಂಡು ನೋಡಿದರು. ಊಟ ಮುಗಿದ ಮೇಲಷ್ಟೇ ಕೊಡುವಂಥ ಬೇರೆ ಮಾತ್ರೆಗೆ ಬದಲಾಯಿಸಿದರು. ಲೋಕೇಶ ಚನ್ನರಾಯಪಟ್ಟಣದ ದಾರಿಯಿಂದ ವಾಪಸ್ ಬಂದು, ಬೆಳಿಗ್ಗೆ ಕಾರಿನಲ್ಲಿ ಅಪ್ಪನನ್ನು ಮನೆಗೆ ಕರೆತಂದ. ನಾನೂ ಬೆಳಿಗ್ಗೆಯೇ ಹಾಸನದಿಂದ ಬಂದಿದ್ದೆ. ಅಪ್ಪನನ್ನು ಮಂಚದ ಮೇಲೆ ಮಲಗಿಸಿದವನೇ ಲೋಕೇಶ ಟೀವಿ ಸ್ಟ್ಯಾಂಡಿನ ಮೇಲಿದ್ದ ಚಿಲಕ ತೆಗೆದುಕೊಂಡು ದೂಳು ಊದಿದ. ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್.

ನಾನು ಮಾತು ಕೊಟ್ಟವಳು. ಬಾಯಿ ತೆಗೆಯುವ ಹಾಗಿರಲಿಲ್ಲ. ಗೋಡೆಗೆ ಒರಗಿ ನಿಂತೆ. ಮಮತಾ ಅಳುತ್ತಿದ್ದಳು, ತಾನು ಹಾಸನಕ್ಕೆ ಹೋಗಬಾರದಿತ್ತು ಎಂದು. ಮೊದಲ ಸ್ಕ್ರೂ ಹಳೆಯ ತೂತಿಗೇ ಇಳಿಯಿತು.

ನಿಂಗಮ್ಮ ಎದ್ದು ಬಂದು ಬಾಗಿಲಿಗೆ ಕೈಯಿಟ್ಟರು. “ಲೋಕ, ಬೆಲ್ಲು ಒಡ್ಕತು. ನಾನ್ ಕೇಳಿಸ್ಕಂಡೆ. ಅದು ತಪ್ ಮಾಡಿಲ್ಲ, ಅವ್ನೂ ತಪ್ ಮಾಡಿಲ್ಲ. ಕಳ್ಸಿದ್ದು ನಾನು. ಚಿಲ್ಕ ಆಕಾದಾದ್ರೆ ನನ್ ಬಾಯ್ಗಾಕು.”

“ಮಾತು ಚೆನ್ನಾಗದೆ ದೊಡ್ಡತ್ತೆ. ನಾಳೆ ನೀವು ಕೊಣನೂರಿಗೆ ಹೋಯ್ತೀರ. ಮತ್ತೆ ಯಾರೋ ಬತ್ತಾರೆ, ಹೋಗಿದ್ ಬಾ ಅಂತಾರೆ. ಆಗ?”

ಅಷ್ಟರಲ್ಲಿ ಹೊಲಿಗೆ ಯಂತ್ರದ ಪಕ್ಕದ ಬೆಲ್ ಹೊಡೆಯಿತು. ಒಳಗೆ ಜವರೇಗೌಡರು ಎದ್ದು ಕಾಲು ಕೆಳಗಿಟ್ಟಿದ್ದರು. ಅಂಗಿಗೆ ಕೈ ಹಾಕುತ್ತಾ, “ಪಸ್ಟ್ ಟ್ರಿಪ್ಪು ಒಂಟೋಯ್ತದೆ,” ಎಂದು ಬಾಗಿಲ ಕಡೆಗೇ ಬರುತ್ತಿದ್ದರು. ಲೋಕೇಶ ಬಾಗಿಲಿಗೆ ಅಡ್ಡ ನಿಂತ. ಅಪ್ಪನ ಮುಖ ಬಿಗಿಯಿತು, ಕೈ ಮೇಲೆದ್ದಿತು. ಅಲ್ಲಿದ್ದ ನಮಗೆಲ್ಲ ಮುಂದೇನು ಎಂಬುದು ಗೊತ್ತಿತ್ತು.

ನಿಂಗಮ್ಮ ಸೀನಿದರು. ಒಂದೇ ಒಂದು. ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಎತ್ತಿದ ಕೈ ಕೆಳಗಿಳಿಯಿತು. “ಎಂಥ ಒತ್ನಲ್ಲಿ ಸೀನಿದ್ರಿ,” ಎಂದು ಗೊಣಗುತ್ತಾ ಜವರೇಗೌಡರು ಹಿಂದಕ್ಕೆ ಹೋಗಿ ಮಂಚದ ಮೇಲೆ ಕೂತರು. ಮಮತಾ ನೀರು ತಂದುಕೊಟ್ಟಳು, ಹಿಂದೆಯೇ ತಿಂಡಿ ತಟ್ಟೆ ತಂದಳು. ನೀರು ಕುಡಿದು, ತಟ್ಟೆ ಮುಂದೆ ಕೂತು, ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎಂದರು. ಟ್ರಿಪ್ಪಿನ ಮಾತು ಅಲ್ಲಿಗೆ ಮರೆತೇಹೋಯಿತು.

ಅಪ್ಪ ಉಪ್ಪಿಟ್ಟು ಮುಗಿಸುವವರೆಗೆ ಲೋಕೇಶ ಬಾಗಿಲಲ್ಲೇ ನಿಂತು ನೋಡಿದ. ಆಮೇಲೆ ಇಳಿಸಿದ ಸ್ಕ್ರೂವನ್ನು ಉಲ್ಟಾ ತಿರುಗಿಸತೊಡಗಿದ.

ನಿಂಗಮ್ಮ ಆಮೇಲೆ ಕೊಣನೂರಿಗೆ ವಾಪಸ್ ಹೋಗಲೇ ಇಲ್ಲ. ಬೀದಿಯವರಿಗೆ ನಾನೇ ಮನೆಮನೆಗೆ ಹೋಗಿ ಹೇಳಿದೆ. ಎಲ್ಲಿಗೆ ಎಂದು ಕೇಳಿ ಎಂದರೆ ಒಬ್ಬರೂ ಒಪ್ಪಲಿಲ್ಲ. ಸೀನಿ ಎಂದರೆ ಎಲ್ಲರೂ ಒಪ್ಪಿದರು. ಟೀ ಅಂಗಡಿಯವನಂತೂ ಗಿರಾಕಿಗಳ ಮುಂದೆ ಅಭ್ಯಾಸ ಮಾಡಿ ತೋರಿಸಿದ. ಪ್ರತಿ ಸಲವೂ ಇದು ನಡೆಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ಸಲ ಸೀನಿಗೂ ಬಗ್ಗದೆ ಸಿಟ್ಟಾದರು, ಆಗ ಲೋಕೇಶ ಅವರ ಜೊತೆಗೆ ಬಸ್ ಸ್ಟ್ಯಾಂಡಿನವರೆಗೂ ನಡೆದುಕೊಂಡು ಹೋಗಿ ಬರುತ್ತಿದ್ದ. ಬೆಲ್ ಹೊಡೆದು, ಯಾರಾದರೂ ಹೋಗಿ, ಕೂರಿಸಿ, ನೀರು ಕೊಡುವ ಈ ಸರಪಳಿ ಮಾತ್ರ ತುಂಡಾಗಲಿಲ್ಲ. ಕೋಣೆಗೆ ಮತ್ತೆ ಚಿಲಕ ಬರಲಿಲ್ಲ.

ಈಗಲೂ ನಾನು ಇದೇ ಅಲಾರಂಗಳನ್ನು ಮನೆಮನೆಗೆ ಹಾಕುತ್ತೇನೆ, ಹೊಸ ನರ್ಸುಗಳಿಗೆ ಹಾಕುವುದನ್ನು ಕಲಿಸುತ್ತೇನೆ. ಗೋಡೆಗೆ ಅಂಟಿಸುವ ಮುಂಚೆ ಮನೆಯವರನ್ನೆಲ್ಲ, ಬಂದುಹೋಗುವ ನೆಂಟರನ್ನೂ ಸೇರಿಸಿ, ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಬೇಕು ಎನ್ನುತ್ತೇನೆ. ಹೊಸ್ತಿಲ ಮೇಲೆ ಹೊರಟು ನಿಂತವರಿಗೆ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ? ಬೆಲ್ ಹೊಡೆದು ನಿಲ್ಲುತ್ತದೆ. ಅದರ ಮುಂದಿನ ಕೆಲಸವೆಲ್ಲ ಈ ಉತ್ತರದ ಮೇಲೆ ನಿಂತಿರುತ್ತದೆ. ನನ್ನ ಪದವಿ ನನಗೆ ಸೆನ್ಸರಿನ ಕೋನ ಕಲಿಸಿತು, ಸಕ್ಕರೆ ಇಳಿದದ್ದನ್ನು ಮುಖ ನೋಡಿ ಹೇಳುವುದನ್ನು ಕಲಿಸಿತು. ಅದಕ್ಕೆ ನಾನು ಋಣಿ. ಟ್ರಂಕು ಹೊತ್ತು ಹೊರಟ ದಿನ ಬಿಟ್ಟುಬಂದೆ ಎಂದುಕೊಂಡದ್ದೂ ನನ್ನ ಚೀಲದಲ್ಲೇ ಇತ್ತು ಎಂಬುದು ಅರಕಲಗೂಡಿನಲ್ಲಿ ಗೊತ್ತಾಯಿತು.

ಮೊನ್ನೆ ಆ ಮನೆಗೆ ಹೋಗಿದ್ದೆ. ಜವರೇಗೌಡರಿಗೆ ಈಗ ಮಾತು ಹೆಚ್ಚು ಉಳಿದಿಲ್ಲ, ಏಳುವುದೂ ಕಮ್ಮಿ. ಬಿ.ಪಿ. ನೋಡಿ, ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಿದ್ದೆ. ಅರಕಲಗೂಡಿನಲ್ಲಿ ಇನ್ನೊಬ್ಬರು ಕಾಯುತ್ತಿದ್ದರು. ಹಿಂದಿನಿಂದ ಒಂದು ಸೀನು ಕೇಳಿಸಿತು. ತಿರುಗಿ ನೋಡಿದರೆ ಮಂಚದ ಮೇಲೆ ಜವರೇಗೌಡರು, ಕಣ್ಣು ನನ್ನ ಮೇಲೆಯೇ ಇತ್ತು. ನಿಂಗಮ್ಮ ನೀರಿನ ಲೋಟ ಹಿಡಿದು ಆಗಲೇ ಎದ್ದು ಬರುತ್ತಿದ್ದರು. ಅದು ನಿಜವಾದ ಸೀನೋ ಅಲ್ಲವೋ ಎಂದು ನಾನು ಪರೀಕ್ಷೆ ಮಾಡಲು ಹೋಗಲಿಲ್ಲ. ಚೀಲ ಇಳಿಸಿ, ಮಂಚದ ಪಕ್ಕ ಕೂತು, ನೀರು ಕುಡಿದೆ.